ವಿಯೆಟ್ನಾಂ ಕಾಫಿ ತೋಟದಲ್ಲಿ ನಮ್ಮ ಮಕ್ಕಳ 4 ಕ್ರೆಡಿಟ್: ನನ್ನ ಅನುಭವ

ಕಳೆದ ನವೆಂಬರ್‌ನಲ್ಲಿ ನಮ್ಮ ಕಾಲೇಜಿನ 13 ಮಕ್ಕಳು ವಿಯೆಟ್ನಾಂನ ಬುವಾನ್ ಮಾ ಥುವೊಟ್‌ನಲ್ಲಿ ನಾಲ್ಕು ವಾರ ಓದಿ ಬಂದರು. ಆಮೇಲೆ ಬಂದ ಅಂಕಪಟ್ಟಿಯಲ್ಲಿ ಅದಕ್ಕೆ ಪದವಿಯ ಲೆಕ್ಕಕ್ಕೆ ಸೇರುವ 4 ಕ್ರೆಡಿಟ್ ಅಚ್ಚಾಗಿತ್ತು. ಆ ಸಾಲನ್ನು ನಾನು ಎರಡು ಸಲ ಓದಿದೆ. "ಅದೊಂದು ಟೂರು ಮೇಡಂ, ಅದಕ್ಕೆ ಕ್ರೆಡಿಟ್ ಬೇರೆ ಕೇಡು" ಎಂದು ಸ್ಟಾಫ್ ರೂಮಿನಲ್ಲೇ ಅಂದವರಿದ್ದರು. ಕೊಡಗಿನ ಒಂದು ಸರ್ಕಾರಿ ಕಾಲೇಜಿನಿಂದ ಇದು ಆಗುತ್ತದೆ ಎಂದು ಮೂರು ವರ್ಷದ ಹಿಂದೆ ಯಾರೂ ನಂಬಿರಲಿಲ್ಲ. ಆಯಿತು. ಹೇಗಾಯಿತು ಎಂದು ಬರೆಯುತ್ತಿದ್ದೇನೆ.

ಮೊದಲ ವರ್ಷ ಏಜೆಂಟನ್ನು ನಂಬಿ ಕೆಟ್ಟೆವು. ತಲೆಗೆ 1 ಲಕ್ಷ 35 ಸಾವಿರ ಎಂದಿದ್ದರು, ಅದರ ಮೇಲೆ 5% ಟಿಸಿಎಸ್, ಅಂದರೆ ಹಣ ಕಟ್ಟುವಾಗಲೇ ಹಿಡಿಯುವ ತೆರಿಗೆ. ರಿಟರ್ನ್ಸ್ ಹಾಕಿದರೆ ಆ ಹಣ ವಾಪಸ್ ಬರುತ್ತದೆ ಎಂದರು. ನಮ್ಮ ಪೋಷಕರಲ್ಲಿ ರಿಟರ್ನ್ಸ್ ಹಾಕುವವರು ಎಷ್ಟು ಮಂದಿ? 14 ಮಕ್ಕಳಿಂದ ಹತ್ತತ್ತು ಸಾವಿರ ಮುಂಗಡ ಕಟ್ಟಿಸಿದೆವು. ಐದು ಮಕ್ಕಳು ಹಿಂದೆ ಸರಿದರು. ಅವರ ಮುಂಗಡ ಕೈಗೆ ಬರಲು ಎಂಟು ತಿಂಗಳು ಹಿಡಿಯಿತು, ಬಂದದ್ದೂ ಅರ್ಧಕ್ಕಿಂತ ಕಡಿಮೆ. ಹೋದವರು ಬಣ್ಣದ ಸರ್ಟಿಫಿಕೇಟ್ ತಂದರು. ಎಷ್ಟು ಗಂಟೆ ಓದಿದರು, ಯಾರು ಪಾಠ ಮಾಡಿದರು ಎನ್ನುವುದು ಅದರಲ್ಲಿ ಎಲ್ಲೂ ಇಲ್ಲ. ಪರೀಕ್ಷಾ ವಿಭಾಗ ಅದನ್ನು ಮುಟ್ಟಲೇ ಇಲ್ಲ. ಅವರು ಮಾಡಿದ್ದು ಸರಿ. ಸಾಲದ್ದಕ್ಕೆ ಮೂವರಿಗೆ ಹಾಜರಿ 75%ಗಿಂತ ಕೆಳಗೆ ಬಿತ್ತು.

ಆಗ ವಿರಾಜಪೇಟೆ ಕಡೆಯ ಒಬ್ಬ ತಂದೆ ಬಂದಿದ್ದರು. ಸೇನೆಯಿಂದ ನಿವೃತ್ತರಾದವರು. ಜಗಳ ಆಡಲಿಲ್ಲ. ಕೂತು ಕೇಳಿದರು: "ಮೇಡಂ, ಅಲ್ಲಿ ರಾತ್ರಿ ಹನ್ನೆರಡಕ್ಕೆ ನನ್ನ ಮಗಳಿಗೆ ಏನಾದರೂ ಆದರೆ ನಾನು ಯಾರಿಗೆ ಫೋನ್ ಮಾಡಬೇಕು? ನಿಮಗೋ, ಏಜೆಂಟಿಗೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದಿನ ಎರಡು ವರ್ಷ ನಾನು ಮಾಡಿದ್ದೆಲ್ಲ ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವೇ.

ಮೊದಲು ಮಾಡಿದ್ದು, ನಾನೇ ಹೋಗಿ ನೋಡಿ ಬಂದದ್ದು. ರಜೆ ಹಾಕಿ, ಎನ್‌ಒಸಿ ತೆಗೆದುಕೊಂಡು, ಸ್ವಂತ ದುಡ್ಡಿನಲ್ಲಿ. 50 ಸಾವಿರ ದಾಟಿತು. ಮನೆಯಲ್ಲಿ ಬೈಸಿಕೊಂಡೆ. ಆದರೆ ಆ ಒಂಬತ್ತು ದಿನ ಇಲ್ಲದಿದ್ದರೆ ಮುಂದಿನದು ಯಾವುದೂ ಇಲ್ಲ. ಹಾಸ್ಟೆಲಿನ ಚಿಲಕ ನೋಡಿದೆ, ಆಸ್ಪತ್ರೆಗೆ ಎಷ್ಟು ನಿಮಿಷ ಎಂದು ನಡೆದು ನೋಡಿದೆ, ಮಕ್ಕಳು ಕೆಲಸ ಮಾಡಬೇಕಾದ ನಾಲ್ಕು ತೋಟಗಳನ್ನು ಸುತ್ತಿದೆ. ವಿಯೆಟ್ನಾಂ ಯಾಕೆ ಎಂದರೆ, ರೊಬಸ್ಟಾ ಜಾತಿಯ ಕಾಫಿ ಬೆಳೆಯುವುದರಲ್ಲಿ ಜಗತ್ತಿಗೇ ಅವರು ಮೊದಲು. ಬುವಾನ್ ಮಾ ಥುವೊಟ್ ಇರುವ ಡಾಕ್ ಲಾಕ್ ಪ್ರಾಂತ್ಯದಲ್ಲಿ ಎಲ್ಲಿ ನೋಡಿದರೂ ಕಾಫಿ. ನಮ್ಮ ಹಾಗೆ ನೆರಳಿಲ್ಲ, ಬಟಾಬಯಲಲ್ಲೇ ಗಿಡ. ಬೇಸಿಗೆಯಲ್ಲಿ ಬುಡಕ್ಕೆ ನೀರು ಕಟ್ಟುತ್ತಾರೆ. ಹೆಕ್ಟೇರಿಗೆ ನಮ್ಮ ಎರಡು ಪಟ್ಟಿಗೂ ಜಾಸ್ತಿ ಇಳುವರಿ. ಕೊಡಗಿನ ಮಕ್ಕಳಿಗೆ ಲಂಡನ್ ಸೇತುವೆ ನೋಡುವುದಕ್ಕಿಂತ ಇದು ನೂರು ಪಾಲು ಉಪಯೋಗ. ನನಗಿದರಲ್ಲಿ ಸಂಶಯವೇ ಇಲ್ಲ.

ಆಮೇಲೆ ಕ್ರೆಡಿಟ್. ಇಲ್ಲೇ ಎಲ್ಲರೂ ಎಡವುವುದು. ಎರಡನೇ ವರ್ಷ ನಾನೂ ಎಡವಿದೆ. ಹೊಸ ಪತ್ರಿಕೆ, ಹೊಸ ಕೋಡ್ ಎಂದು ಪಠ್ಯಕ್ರಮ ತೀರ್ಮಾನಿಸುವ ಬೋರ್ಡ್ ಆಫ್ ಸ್ಟಡೀಸ್‌ಗೆ ಹೋದೆ. ಯುಜಿಸಿಯ 2022ರ ನಿಯಮ ತೆಗೆದು ಮುಂದಿಟ್ಟರು. ಟ್ವಿನ್ನಿಂಗ್ (ಒಂದಿಷ್ಟು ಇಲ್ಲಿ, ಒಂದಿಷ್ಟು ಹೊರದೇಶದ ಸಂಸ್ಥೆಯಲ್ಲಿ ಓದುವುದು), ಜಂಟಿ ಪದವಿ, ದ್ವಿಪದವಿಗೆ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಬೇಕು, ಇಲ್ಲವೇ ದೇಶದ ರ್ಯಾಂಕ್ ಪಟ್ಟಿಯಾದ ಎನ್‌ಐಆರ್‌ಎಫ್‌ನ ಮೊದಲ ನೂರರಲ್ಲಿ ಇರಬೇಕು, ನಾವೆಲ್ಲಿ ಅವರೆಲ್ಲಿ ಎಂದರು. ಅಲ್ಲಿಗೆ ಆ ವರ್ಷದ ಕ್ರೆಡಿಟ್ ಹೋಯಿತು. ಟಿಕೆಟ್ ಮೊದಲೇ ತೆಗೆದಿದ್ದರಿಂದ ಒಂಬತ್ತು ಮಕ್ಕಳು ಹೋಗಿ ಬಂದರು, ಅಂಕಪಟ್ಟಿಯಲ್ಲಿ ಮಾತ್ರ ಸೊನ್ನೆ.

ಮೂರನೇ ವರ್ಷ ದಾರಿ ಬದಲಿಸಿದೆ. ನಮ್ಮದು ಟ್ವಿನ್ನಿಂಗ್ ಅಲ್ಲವೇ ಅಲ್ಲ. ವಿಯೆಟ್ನಾಂನವರು ಅಂಕ ಕೊಡುವುದಿಲ್ಲ, ಪದವಿ ಕೊಡುವುದಿಲ್ಲ. ಕೋರ್ಸ್ ನಮ್ಮದು, ಪಾಠ ನಮ್ಮದು, ಮೌಲ್ಯಮಾಪನ ನಮ್ಮದು, ನೆಲ ಅವರದು. ಮೊದಲೇ ಪಠ್ಯಕ್ರಮದಲ್ಲಿದ್ದ ಒಂದು ಐಚ್ಛಿಕ ಪತ್ರಿಕೆಯ ಕ್ಷೇತ್ರಕಾರ್ಯದ ಭಾಗವನ್ನೇ ಅಲ್ಲಿ ಮಾಡಿಸುತ್ತೇವೆ ಎಂದು ಬರೆದೆ. ಕ್ಷೇತ್ರಕಾರ್ಯಕ್ಕೆ 30 ಗಂಟೆಗೆ ಒಂದು ಕ್ರೆಡಿಟ್. ದಿನಕ್ಕೆ ಆರು ಗಂಟೆಯಂತೆ 20 ದಿನ, 120 ಗಂಟೆ. ಗಂಟೆಗಂಟೆಯ ಪಟ್ಟಿ ಕೊಟ್ಟೆ. ಹೊರಡುವ ಮೊದಲೇ ಆನ್ ಡ್ಯೂಟಿ ಆದೇಶಕ್ಕೆ ಸಹಿ ಹಾಕಿಸಿಕೊಂಡೆ, ಹಾಜರಿ ತಂಟೆ ಬರಲಿಲ್ಲ. ಒಪ್ಪಿಗೆ ಕೈಗೆ ಬಂದ ಮೇಲೇ ಟಿಕೆಟ್. ಆ ಟಿಪ್ಪಣಿಯ ಒಕ್ಕಣೆ ಹೇಗಿತ್ತು, ಯಾವ ಮೇಜಿಗೆ ಮೊದಲು ಕಳಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಎದುರು ಸಿಕ್ಕವರಿಗೆ ಹೇಳುತ್ತೇನೆ.

ತಿಂಗಳು ಆರಿಸಿದ್ದು ನನ್ನ ಹೆಮ್ಮೆ. ಅಲ್ಲಿ ನವೆಂಬರ್‌ನಲ್ಲಿ ಕುಯ್ಲು ಜೋರು. ನಮ್ಮಲ್ಲಿ ರೊಬಸ್ಟಾ ಕುಯ್ಲು ಹಿಡಿಯುವುದು ಜನವರಿ ಹೊತ್ತಿಗೆ. ಅಲ್ಲಿ ಅಳೆದದ್ದನ್ನೇ ಬಂದು ತಮ್ಮ ತೋಟದಲ್ಲಿ, ತಮ್ಮ ಕಣದಲ್ಲಿ ಅಳೆಯಬಹುದು. ಎರಡನೇ ವರ್ಷ ಡಿಸೆಂಬರ್‌ಗೆ ಇಟ್ಟಿದ್ದೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ದಿನ ಮಗಳು ಮನೆಯಲ್ಲಿರದಿದ್ದರೆ ಹೇಗೆ ಎಂದು ನಾಲ್ಕು ಮನೆಯವರು ಹೆಸರು ವಾಪಸ್ ತೆಗೆದರು. ಅವರ ಮಾತು ನ್ಯಾಯವೇ. ಕದಿರು ತೆಗೆಯುವ ರಾತ್ರಿಗೆ ಸಮಾನ ಯಾವುದಿದೆ? ಈಗ ನವೆಂಬರ್ ಕೊನೆಗೆ ಎಲ್ಲರೂ ಮನೆ ಸೇರುತ್ತಾರೆ.

ಖರ್ಚು ತಲೆಗೆ 62 ಸಾವಿರದ ಆಸುಪಾಸು. ಟಿಕೆಟ್ 24, ಹಾಸ್ಟೆಲ್ ಮತ್ತು ಊಟ 18, ಅಲ್ಲಿನ ಓಡಾಟ 9, ದುಭಾಷಿ 7, ಉಳಿದದ್ದು ವಿಮೆ ಮತ್ತು ವೀಸಾ. ಇ-ವೀಸಾ ಒಂದು ಪ್ರವೇಶಕ್ಕೆ 25 ಡಾಲರ್, 2023ರ ಆಗಸ್ಟ್‌ನಿಂದ 90 ದಿನದ ತನಕ ಸಿಗುತ್ತದೆ. ಉದ್ದೇಶದ ಕಾಲಂನಲ್ಲಿ ಏನು ತುಂಬಬೇಕೆಂದು ಆತಿಥೇಯರನ್ನು ಕೇಳಿಯೇ ತುಂಬಿ. ಟಿಕೆಟ್ ಆ ದರಕ್ಕೆ ಹೇಗೆ ಸಿಕ್ಕಿತು ಎನ್ನುವುದೂ ನನ್ನ ಹತ್ತಿರವೇ ಇರಲಿ.

ಹೆಸರಿನ ವಿಷಯಕ್ಕೆ ಒಂದು ತಿಂಗಳು ಹೋಯಿತು. ಕೊಡವರ ಮಕ್ಕಳಿಗೆ ಮನೆಹೆಸರು ಮೊದಲು. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಪೂರ್ತಿ, ಪಾಸ್‌ಪೋರ್ಟ್‌ನಲ್ಲಿ ಹಿಂದುಮುಂದು. ಒಬ್ಬನ ವೀಸಾದಲ್ಲಿ ಹೆಸರು ತಪ್ಪಿ ಮತ್ತೆ 25 ಡಾಲರ್ ಕಟ್ಟಿದೆವು. ಈಗ ಪಾಸ್‌ಪೋರ್ಟ್ ಕೆಲಸ ಜೂನ್‌ನಲ್ಲೇ ಮುಗಿಸುತ್ತೇನೆ. ಎಲ್ಲರನ್ನೂ ಒಂದೇ ದಿನ ಮೈಸೂರಿನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ. ಫೀಸು 1,500. ತತ್ಕಾಲ್ ಎಂದರೆ ಮೇಲೆ 2,000, ಸುಮ್ನೆ ದಂಡ.

ಆಡಿಟ್‌ನವರು ಕೇಳಿದ್ದು ಬಿಲ್ಲು. ಎಲ್ಲ ವಿಯೆಟ್ನಾಮಿ ಭಾಷೆಯಲ್ಲಿ, ಡಾಂಗ್ ಲೆಕ್ಕದಲ್ಲಿ. ಒಂದು ರೂಪಾಯಿಗೆ ಸುಮಾರು 300 ಡಾಂಗ್, ಹಾಗಾಗಿ ಊಟದ ಬಿಲ್ಲೇ ಲಕ್ಷಗಳಲ್ಲಿ! ಎರಡನೇ ವರ್ಷದ 38 ಸಾವಿರ ಚಿಲ್ಲರೆಗೆ ಆಕ್ಷೇಪ ಬಿತ್ತು, ನಾನೇ ಕಟ್ಟಬೇಕಾಗುತ್ತದೋ ಏನೋ ಎಂದು ನಿದ್ದೆ ಬರಲಿಲ್ಲ. ಈಗ ಬಿಲ್ಲು ಸಿಕ್ಕ ದಿನವೇ ಹಿಂದುಗಡೆ ಕನ್ನಡದಲ್ಲಿ ಏನು, ಎಷ್ಟು, ಆ ದಿನದ ದರ ಎಷ್ಟು ಎಂದು ಬರೆದು ಅಲ್ಲಿನ ಅಧ್ಯಾಪಕರ ಸಹಿ ಹಾಕಿಸುತ್ತೇವೆ. ಈ ಸಲ ಒಂದೂ ಆಕ್ಷೇಪ ಇಲ್ಲ.

ಎರಡನೇ ವರ್ಷವೇ ಒಬ್ಬ ಹುಡುಗ ಬಾಡಿಗೆ ಸ್ಕೂಟರಿನಲ್ಲಿ ಬಿದ್ದು ಕೈ ಮುರಿದುಕೊಂಡ. ಅವನ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ ಎಂದು ವಿಮೆಯವರು ಒಂದು ಪೈಸೆ ಕೊಡಲಿಲ್ಲ. ಆವತ್ತು ಅಲ್ಲಿ ನಮ್ಮ ಕಡೆಯವರು ಯಾರೂ ಇರಲಿಲ್ಲ. ನಾನು ಮಡಿಕೇರಿಯಲ್ಲಿ ಕೂತು ದುಭಾಷಿಯ ಮೂಲಕ ವೈದ್ಯರ ಹತ್ತಿರ ಮಾತಾಡಿದೆ. ಆ ರಾತ್ರಿಯೇ ತೀರ್ಮಾನಿಸಿದೆ, ಅಧ್ಯಾಪಕರಿಲ್ಲದೆ ಒಂದು ದಿನವೂ ಇಲ್ಲ. ಈಗ ಇಬ್ಬರು ಅಧ್ಯಾಪಕರು, ಒಬ್ಬರು ಹೆಂಗಸು, ಎರಡೆರಡು ವಾರ ಪಾಳಿ, ನಡುವೆ ಒಂದು ದಿನ ಇಬ್ಬರೂ ಇರುತ್ತಾರೆ. ಸ್ಕೂಟರ್ ಮುಟ್ಟಿದರೆ ಮರುದಿನವೇ ವಾಪಸ್, ಇದನ್ನು ಪೋಷಕರ ಎದುರೇ ಸಹಿ ಮಾಡಿಸುತ್ತೇವೆ. ಭಾನುವಾರ ಸಂಜೆ ಏಳಕ್ಕೆ ಪ್ರತಿ ಮನೆಗೂ ನನ್ನ ಫೋನ್. ಅಲ್ಲಿ ಆಗ ಎಂಟೂವರೆ, ಮಕ್ಕಳೂ ಲೈನಿನಲ್ಲಿ ಸಿಗುತ್ತಾರೆ.

ನಡುವೆ ಬೇರೆ ಪ್ರಯೋಗಗಳೂ ಆದವು. ಜುಲೈನಲ್ಲಿ ವಿಯೆಟ್ನಾಂನ ಮಕ್ಕಳೊಂದಿಗೆ ಆನ್‌ಲೈನ್ ತರಗತಿ ಇಟ್ಟೆ. ಕೊಡಗಿನ ಜುಲೈ ಗೊತ್ತಲ್ವಾ? ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಕೊನೆಗೆ ಪರದೆಯಲ್ಲಿ ನಾನೊಬ್ಬಳೇ. ಅವರ ಐದು ಮಕ್ಕಳನ್ನು ಇಲ್ಲಿಗೂ ಕರೆಸಿದೆ. ಹೋಂಸ್ಟೇಯವರು ವಿದೇಶಿಯರು ತಂಗಿದ್ದನ್ನು ತಿಳಿಸುವ ಫಾರ್ಮ್ ಸಿಯನ್ನು 24 ಗಂಟೆಯೊಳಗೆ ತುಂಬಿರಲಿಲ್ಲ, ಪೊಲೀಸ್ ಠಾಣೆಗೆ ಓಡಾಡಿದ್ದೇ ಬಂತು. ಆದರೆ ಆ ಮಕ್ಕಳು ನೂಪುಟ್ಟು ನೋಡಿ, ಇದು ನಮ್ಮ ಬುನ್ ಎಂದು ಕುಣಿದಾಡಿದರು. ಅಕ್ಕಿ ಶ್ಯಾವಿಗೆಗೆ ಅವರಲ್ಲಿ ಆ ಹೆಸರು. ಚೆನ್ನಾಗಿ ಫಲ ಕೊಟ್ಟದ್ದು ಒಂದೇ: ದಿನಚರಿಯನ್ನು ಕನ್ನಡದಲ್ಲಿ, ಕೈಬರಹದಲ್ಲಿ ಬರೆಯಿರಿ ಎಂದದ್ದು. ಇಂಗ್ಲಿಷಿನಲ್ಲಿ ಅರ್ಧ ಪುಟ ಬರೆಯುತ್ತಿದ್ದವರು ಮೂರು ಪುಟ ಬರೆದರು.

ಎಲ್ಲರಿಗಿಂತ ಹೆಚ್ಚು ಅಂಕ ಬಂದದ್ದು ಯರವ ಬುಡಕಟ್ಟಿನ ಒಬ್ಬ ಹುಡುಗಿಗೆ. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದವಳು, ಅಪ್ಪ ಅಮ್ಮ ತೋಟದ ಕೆಲಸ. ಅವಳ ಖರ್ಚಿಗೆ ಪರಿಶಿಷ್ಟ ಜಾತಿ, ಪಂಗಡದವರಿಗೆಂದು ಇರುವ ವಿಶ್ವವಿದ್ಯಾಲಯದ ಎಸ್‌ಸಿಎಸ್‌ಪಿ-ಟಿಎಸ್‌ಪಿ ಅನುದಾನದಿಂದ 40 ಸಾವಿರ ಹೊಂದಿಸಿದೆ, ಉಳಿದದ್ದನ್ನು ಹಳೆ ವಿದ್ಯಾರ್ಥಿಗಳು ಕೊಟ್ಟರು. ತೋಟದ ಮಾಲೀಕರ ಮಕ್ಕಳು ಇಳುವರಿ, ಗೊಬ್ಬರ ಎಂದು ಬರೆದರು. ಇವಳು ಕುಯ್ಯುವವರ ಕೈ ನೋಡಿದಳು. ಕೆಳಗೆ ಟಾರ್ಪಾಲ್ ಹಾಸಿ ಎಷ್ಟು ಮಂದಿ ಒಂದು ಸಾಲಿಗೆ ಇಳಿಯುತ್ತಾರೆ, ಹಸಿರು ಕಾಯಿ ಎಷ್ಟು ಸೇರುತ್ತದೆ, ಕಿಲೋ ಲೆಕ್ಕದ ಕೂಲಿ ಹೇಗೆ ಬೀಳುತ್ತದೆ ಎಂದು ದಿನಾ ಬರೆದಳು. ಜನವರಿಯಲ್ಲಿ ಅಮ್ಮನ ಜೊತೆ ಕುಯ್ಲಿಗೆ ಹೋಗಿ ಇಲ್ಲಿನದನ್ನೂ ಅಳೆದಳು. ಅಂಥ ವರದಿ ನಾನು ಇಷ್ಟು ವರ್ಷದಲ್ಲಿ ಓದಿಲ್ಲ. ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದವರು ಅದರ ಪ್ರತಿ ಕೇಳಿ ತೆಗೆದುಕೊಂಡು ಹೋದರು.

ಈ ಸಲ 14 ಜಾಗಕ್ಕೆ ಮೂವತ್ತರ ಹತ್ತಿರ ಅರ್ಜಿ ಬಂದಿವೆ. ವಿರಾಜಪೇಟೆಯ ಆ ತಂದೆ ಚಿಕ್ಕ ಮಗಳ ಅರ್ಜಿ ಹಿಡಿದು ತಾವೇ ಬಂದಿದ್ದರು. ಪೋಷಕರ ಸಹಿಯ ಕೆಳಗೆ ತುರ್ತು ಸಂಪರ್ಕ ಎಂಬ ಸಾಲಿದೆ. ಅಲ್ಲಿ ನನ್ನ ನಂಬರ್ ಮೊದಲೇ ಅಚ್ಚು ಹಾಕಿಸಿದ್ದೇನೆ. ಅವರು ಅದನ್ನು ಓದಿ, ತಮ್ಮ ಫೋನಿನಲ್ಲಿರುವ ನಂಬರಿನ ಜೊತೆ ತಾಳೆ ನೋಡಿ, ಸಹಿ ಹಾಕಿದರು.