ಒಣದ್ರಾಕ್ಷಿ ಮಾಡುವವನಿಗೆ ನೀರಿನ ಲೆಕ್ಕ

ನಮ್ಮದು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯ ದ್ರಾಕ್ಷಿ ಪಡ. ಥಾಮ್ಸನ್ ಸೀಡ್‌ಲೆಸ್ ಬೆಳೆದು, ಹಣ್ಣನ್ನು ನಮ್ಮದೇ ಶೆಡ್ಡಿನಲ್ಲಿ ಒಣಗಿಸುತ್ತೇವೆ. ಒಂದು ಟನ್ ಹಣ್ಣಿಗೆ ಸುಮಾರು 250 ಕಿಲೋ ಒಣದ್ರಾಕ್ಷಿ ಸಿಗುತ್ತದೆ. ಮಿಕ್ಕಿದ್ದೆಲ್ಲ ನೀರು. ತಿಂಗಳುಗಟ್ಟಲೆ ಬಳ್ಳಿಗೆ ನೀರು ಕುಡಿಸಬೇಕು, ಆಮೇಲೆ ಎರಡೇ ವಾರದಲ್ಲಿ ಅದೇ ನೀರನ್ನು ಹೊರಗೆ ಕಳಿಸಬೇಕು. ಈ ಎರಡೂ ಕೆಲಸದಲ್ಲಿ ನನಗೆ ದಾರಿ ತೋರಿಸಿದ್ದು ಒಂದೇ ತಿಳಿವಳಿಕೆ: ನೀರು ಇರುವುದು ಬೇರೆ, ಅದು ಜೀವಕ್ಕೆ ಸಿಗುವುದು ಬೇರೆ.

ಮೊದಲು ಹೊಲದ ಮಾತು. ನಮ್ಮ ಬೋರಿನ ನೀರು ಸವಳು. ಬೇಸಿಗೆಯಲ್ಲಿ ಡ್ರಿಪ್ ಬಿಟ್ಟು ಮಣ್ಣು ಹಸಿಯಾಗಿದ್ದರೂ ಎಲೆಯ ಅಂಚು ಸುಟ್ಟಂತೆ ಕಂದುತ್ತಿತ್ತು. ಪಕ್ಕದ ಹೊಲದ ಕಾಕಾ ಒಂದಿನ ಬದುವಿನ ಮೇಲೆ ನಿಂತು, “ತಮ್ಮಾ, ನೆಲಾ ತೊಯ್ದೈತಿ, ಬಳ್ಳಿ ಯಾಕ ಒಣಗಾಕತ್ತೈತಿ?” ಎಂದು ಕೇಳಿದರು. ಅದು ಸರಿಯಾದ ಪ್ರಶ್ನೆ. ನೀರಿನ ಅಣುವಿನಲ್ಲಿ ಆಮ್ಲಜನಕದ ಬದಿಗೆ ತುಸು ಋಣ, ಎರಡು ಜಲಜನಕಗಳ ಬದಿಗೆ ತುಸು ಧನ ವಿದ್ಯುದಂಶ ಇರುತ್ತದೆ. ಮೂರೂ ಒಂದೇ ಗೆರೆಯಲ್ಲಿ ಇದ್ದಿದ್ದರೆ ಈ ಎರಡು ಬದಿ ಆಗುತ್ತಿರಲಿಲ್ಲ. 104.5 ಡಿಗ್ರಿ ಕೋನದಲ್ಲಿ ಬಾಗಿರುವುದರಿಂದ ಆಗಿದೆ. ಉಪ್ಪು ಬಿದ್ದರೆ ಅದರ ಸೋಡಿಯಂ, ಕ್ಲೋರೈಡ್ ಕಣಗಳನ್ನು ನೀರಿನ ಅಣುಗಳು ಸುತ್ತುವರಿದು ಹಿಡಿಯುತ್ತವೆ. ಉಪ್ಪು ಕರಗುವುದು ಹೀಗೆ. ಬೇರಿಗೆ ಗೊಬ್ಬರದ ಪೋಷಕಾಂಶ ತಲುಪುವುದೂ ಇದೇ ಗುಣದಿಂದ. ಆದರೆ ಕರಗಿದ್ದು ಹೆಚ್ಚಾದಷ್ಟೂ ಮಣ್ಣಿನಿಂದ ನೀರು ಎಳೆದುಕೊಳ್ಳಲು ಬೇರು ಹೆಚ್ಚು ಬಲ ಹಾಕಬೇಕು. ಕಾಕಾಗೆ ನಾನು ಹೇಳಿದ್ದು ಇಷ್ಟೇ: “ನೀರ ಐತ್ರಿ ಕಾಕಾ, ಉಪ್ಪು ಬಿಡವಲ್ದು.”

ದ್ರಾಕ್ಷಿಗೆ ಈ ಮಿತಿ ಅಳತೆಯಲ್ಲಿದೆ. ಬೇರಿನ ಮಣ್ಣಿನ ಲವಣಾಂಶವನ್ನು ವಿದ್ಯುತ್ ವಾಹಕತೆಯಲ್ಲಿ ಅಳೆಯುತ್ತಾರೆ. ಮೀಟರಿಗೆ 1.5 ಡೆಸಿಸೀಮನ್ಸ್ ದಾಟಿತೆಂದರೆ ಇಳುವರಿ ಇಳಿಯತೊಡಗುತ್ತದೆ. ಅಲ್ಲಿಂದ ಮುಂದೆ ಒಂದೊಂದು ಡೆಸಿಸೀಮನ್ಸ್‌ಗೂ ಹೆಚ್ಚುಕಡಿಮೆ ನೂರಕ್ಕೆ ಹತ್ತರಷ್ಟು ಹೋಗುತ್ತದೆ. ಅದಕ್ಕೇ ನಾನು ಮಣ್ಣು, ನೀರು ಎರಡನ್ನೂ ಪ್ರತಿ ವರ್ಷ ಪರೀಕ್ಷೆಗೆ ಕೊಡುತ್ತೇನೆ. ಗಿಡಗಳೆಲ್ಲ ಡಾಗ್‌ರಿಡ್ಜ್ ಎಂಬ ದ್ರಾಕ್ಷಿ ತಳಿಯ ಬೇರಿನ ಮೇಲೆ ಕಸಿ ಮಾಡಿದವು, ಸವಳನ್ನು ತಕ್ಕಮಟ್ಟಿಗೆ ತಡೆಯುತ್ತವೆ. ಎರಿ ಮಣ್ಣಿನಲ್ಲಿ ಸೋಡಿಯಂ ಕೂತ ಜಾಗಕ್ಕೆ ಜಿಪ್ಸಂ ಹಾಕಿ, ಕೃಷಿ ಹೊಂಡದ ಮಳೆನೀರು ಬಿಟ್ಟು ತೊಳೆಯುತ್ತೇನೆ. ಇನ್ನೊಂದು ಮಾತನ್ನು ಹೊಸಬರಿಗೆ ಒತ್ತಿ ಹೇಳಬೇಕು. ಬೇಸಿಗೆಯ ನಂತರ ಮೊದಲ ತುಂತುರು ಮಳೆ ಬಿದ್ದಾಗ ಡ್ರಿಪ್ ನಿಲ್ಲಿಸಬೇಡಿ. ಮೇಲ್ಮಣ್ಣಿನಲ್ಲಿ ಬೆಳ್ಳಗೆ ಕೂತ ಉಪ್ಪನ್ನು ಆ ಸಣ್ಣ ಮಳೆ ನೇರ ಬೇರಿಗೆ ಇಳಿಸುತ್ತದೆ. ಡ್ರಿಪ್ ನಡೆಯುತ್ತಿದ್ದರೆ ಆ ಉಪ್ಪು ಬೇರಿನಿಂದ ಆಚೆ ತಳ್ಳಲ್ಪಡುತ್ತದೆ.

ಇನ್ನು ಶೆಡ್ಡು. ಹಣ್ಣಿನ ಮೈಮೇಲೆ ಬೂದಿಯಂತೆ ಕಾಣುವುದು ಮೇಣ. ಮೇಣಕ್ಕೂ ನೀರಿಗೂ ಆಗಿಬರುವುದಿಲ್ಲ; ಮೇಣದ ಅಣುವಿಗೆ ಎರಡು ಬದಿಯ ವಿದ್ಯುದಂಶವಿಲ್ಲ, ನೀರು ಅದನ್ನು ಹಿಡಿಯಲಾರದು. ಬಿಸಿಲಿನಲ್ಲೂ ಹಣ್ಣು ಬಾಡದಂತೆ ಬಳ್ಳಿ ಮಾಡಿಕೊಂಡ ರಕ್ಷಣೆ ಅದು. ಹಾಗೇ ಒಣಗಿಸಿದರೆ ವಾರಗಟ್ಟಲೆ ಹೆಚ್ಚು ಹಿಡಿಯುತ್ತದೆ, ಬಣ್ಣವೂ ಕಪ್ಪಾಗುತ್ತದೆ. ಅದಕ್ಕೆ ಡಿಪ್ಪಿಂಗ್, ಅಂದರೆ ಹಣ್ಣನ್ನು ದ್ರಾವಣದಲ್ಲಿ ಅದ್ದುವುದು. ಒಂದು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿಲೀಟರ್ ಈಥೈಲ್ ಓಲಿಯೇಟ್, ಅಂದರೆ ನಾವು ಡಿಪ್ಪಿಂಗ್ ಆಯಿಲ್ ಅನ್ನುವುದು. ಮೊದಲು ಕಾರ್ಬೊನೇಟ್ ಪೂರ್ತಿ ಕರಗಿಸಿ, ಆಮೇಲೆ ಎಣ್ಣೆಯನ್ನು ಸಣ್ಣ ಧಾರೆಯಲ್ಲಿ ಬಿಡುತ್ತ ಕಲಕಬೇಕು. ಹಾಲಿನಂತೆ ಏಕವಾದ ಮೇಲೆ ಗೊನೆಗಳನ್ನು ಎರಡು-ನಾಲ್ಕು ನಿಮಿಷ ಅದ್ದಿ ರ‍್ಯಾಕಿಗೆ ಹರಡುತ್ತೇವೆ. ದ್ರಾವಣದ ಪಿಎಚ್ 11ರ ಹತ್ತಿರ ಇರುತ್ತದೆ, ಅಂದರೆ ಕಟು ಕ್ಷಾರ. ಕೈಗವಸು ಇಲ್ಲದೆ ಯಾವ ಆಳನ್ನೂ ನಾನು ಟಾಕಿಯ ಹತ್ತಿರ ಬಿಡುವುದಿಲ್ಲ. ಈ ಎಣ್ಣೆ ಮೇಣದ ಪದರಗಳ ನಡುವೆ ಹೊಕ್ಕು ನೀರು ಹೊರಬರಲು ದಾರಿ ಮಾಡುತ್ತದೆ.

ದ್ರಾವಣಕ್ಕೆ ಬೋರಿನ ಗಡಸು ನೀರು ಬಳಸಲೇಬಾರದು. ಅದರಲ್ಲಿ ಕರಗಿದ ಕ್ಯಾಲ್ಸಿಯಂ, ಕಾರ್ಬೊನೇಟ್ ಜೊತೆ ಕೂಡಿ ಸುಣ್ಣದಕಲ್ಲಿನ ಪುಡಿಯಾಗಿ ತಳಕ್ಕೆ ಕೂಡುತ್ತದೆ. ಹಾಕಿದ ಕಾರ್ಬೊನೇಟ್ ಅಷ್ಟರ ಮಟ್ಟಿಗೆ ವ್ಯರ್ಥವಾಯಿತೆಂದೇ ಲೆಕ್ಕ. ಎಣ್ಣೆಯನ್ನು ನೀರಿನಲ್ಲಿ ಬೆರೆಸಿಡುವ ಸಾಬೂನಿನ ಅಂಶವೂ ಕ್ಯಾಲ್ಸಿಯಂ ಜೊತೆ ಗಟ್ಟಿಯಾಗುತ್ತದೆ, ಎಣ್ಣೆ ಒಡೆದು ಮೇಲೆ ತೇಲುತ್ತದೆ. ಆಗ ಒಂದು ಗೊನೆ ಬೇಗ ಒಣಗಿ ಇನ್ನೊಂದು ಹಸಿಯೇ ಉಳಿಯುತ್ತದೆ. ನಾನು ಮಾಡುವ ಪರೀಕ್ಷೆ ಸುಲಭದ್ದು: ಗಾಜಿನ ಬಾಟಲಿಯಲ್ಲಿ ನೀರು ಹಿಡಿದು ಚಿಟಿಕೆ ಪೊಟ್ಯಾಸಿಯಂ ಕಾರ್ಬೊನೇಟ್ ಹಾಕಿ ನೋಡುವುದು. ಬೆಳ್ಳಗೆ ಕದಡಿದರೆ ಆ ನೀರು ಬೇಡ. ಶೆಡ್ಡಿನ ತಗಡಿನಿಂದ ಹಿಡಿದಿಟ್ಟ ಮಳೆನೀರು ತಿಳಿಯಾಗಿಯೇ ನಿಲ್ಲುತ್ತದೆ. ಡಿಪ್ಪಿಂಗಿಗೆ ಅದನ್ನೇ ಇಟ್ಟುಕೊಳ್ಳುತ್ತೇವೆ.

ನೀರನ್ನು ಆವಿ ಮಾಡಲು ಎಷ್ಟು ಶಾಖ ಬೇಕೆಂದು ಲೆಕ್ಕ ಹಾಕಿದಾಗ ನನಗೆ ಗಾಳಿಯ ಬೆಲೆ ತಿಳಿಯಿತು. ನೀರಿನ ಅಣುಗಳು ಒಂದನ್ನೊಂದು ಜಲಜನಕ ಬಂಧದಿಂದ ಹಿಡಿದುಕೊಂಡಿವೆ. ಒಂದು ಕಿಲೋ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು 70 ಕಿಲೋಕ್ಯಾಲರಿ ಸಾಕು. ಆ 30 ಡಿಗ್ರಿಯಲ್ಲೇ ಅದನ್ನು ಆವಿ ಮಾಡಲು ಸುಮಾರು 580 ಬೇಕು. ಒಂದು ಟನ್ ಹಣ್ಣಿನ 750 ಕಿಲೋ ನೀರನ್ನು ಕರೆಂಟಿನಿಂದ ಹೊರಹಾಕಿದರೆ 500 ಯೂನಿಟ್. ನಮ್ಮ ಮಾರ್ಚ್ ತಿಂಗಳ ಗಾಳಿ ಅದನ್ನು ಪುಕ್ಕಟೆ ಮಾಡಿಕೊಡುತ್ತದೆ.

ಆ ಗಾಳಿಯನ್ನು ಅಳೆಯಲು ಶೆಡ್ಡಿನಲ್ಲಿ ಎರಡು ಥರ್ಮಾಮೀಟರ್ ತೂಗುಹಾಕಿದ್ದೇನೆ. ಒಂದರ ಬುಡಕ್ಕೆ ಒದ್ದೆ ಬಟ್ಟೆ. ಒಣ ಗಾಳಿ ಇದ್ದಷ್ಟೂ ಬಟ್ಟೆಯ ನೀರು ಬೇಗ ಆರಿ, ಆ ಥರ್ಮಾಮೀಟರ್ ಹೆಚ್ಚು ತಣ್ಣಗಾಗುತ್ತದೆ. ಒಂದು 38, ಇನ್ನೊಂದು 21 ತೋರಿಸಿದರೆ ಗಾಳಿಯಲ್ಲಿ ತೇವ ನೂರಕ್ಕೆ ಇಪ್ಪತ್ತರಷ್ಟೇ. ಬದಿಯ ಪರದೆಗಳನ್ನೆಲ್ಲ ಎತ್ತಿಬಿಡುತ್ತೇವೆ. ಅಕಾಲದ ಮೋಡ ಕವಿದು 28 ಮತ್ತು 23ಕ್ಕೆ ಬಂದರೆ ತೇವ 65ರ ಆಸುಪಾಸು. ಆಗ ಹೆಚ್ಚುಕಡಿಮೆ ಆರಿದ ಕಾಳು ಗಾಳಿಯಿಂದಲೇ ನೀರು ಎಳೆದುಕೊಳ್ಳಲು ಶುರುಮಾಡುತ್ತದೆ. ಪರದೆ ಇಳಿಸಿ ಒಳಗೆ ಫ್ಯಾನ್ ಹಾಕುವುದೊಂದೇ ದಾರಿ.

ಮುಗಿದ ಮಾಲಿನಲ್ಲಿ ನೂರಕ್ಕೆ 15ರಷ್ಟು ನೀರು ಉಳಿದಿರುತ್ತದೆ. ಅಷ್ಟೇ ತೇವದ ಜೋಳವನ್ನು ಚೀಲಕ್ಕೆ ತುಂಬಿದರೆ ಬೂಷ್ಟು ಹಿಡಿಯುತ್ತದೆ, ಒಣದ್ರಾಕ್ಷಿಗೆ ಹಿಡಿಯುವುದಿಲ್ಲ. ಸಕ್ಕರೆಯ ಅಣುಗಳು ಆ ನೀರನ್ನು ಹಿಡಿದಿಟ್ಟಿರುತ್ತವೆ. ಸೂಕ್ಷ್ಮಜೀವಿಗೆ ಸಿಗುವ ನೀರನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಹೇಳುತ್ತಾರೆ: ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ 0.91 ಬೇಕು, 0.6ರ ಕೆಳಗೆ ಯಾವ ಸೂಕ್ಷ್ಮಜೀವಿಯೂ ಬೆಳೆಯಲಾರದು. ಚೆನ್ನಾಗಿ ಆರಿದ ಒಣದ್ರಾಕ್ಷಿ ಆ ಗೆರೆಯ ಹತ್ತಿರ ಇರುತ್ತದೆ. ಹೊಲದಲ್ಲಿ ಉಪ್ಪು ನನ್ನ ಬಳ್ಳಿಗೆ ಮಾಡುವುದನ್ನೇ ಶೆಡ್ಡಿನಲ್ಲಿ ಸಕ್ಕರೆ ಬೂಷ್ಟಿಗೆ ಮಾಡುತ್ತದೆ.

ಅದೇ ಸಕ್ಕರೆ ಮಳೆಗಾಲದ ಗಾಳಿಯಿಂದ ನೀರು ಎಳೆಯುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಹಾಗಾಗಿ ಮಾಲನ್ನು ಒಳಗೆ ಪ್ಲಾಸ್ಟಿಕ್ ಹಾಕಿದ ಡಬ್ಬಿಗೆ ತುಂಬಿ, ಬಾಯಿ ಬಿಗಿದು, ಜೂನ್ ಮಳೆ ಬೀಳುವ ಮೊದಲೇ ಕೋಲ್ಡ್ ಸ್ಟೋರೇಜಿಗೆ ಸಾಗಿಸುತ್ತೇವೆ. ಮಾರಲು ಹೊರಗೆ ತಂದಾಗ ಡಬ್ಬಿಯನ್ನು ಕೂಡಲೇ ಬಿಚ್ಚುವುದಿಲ್ಲ. ತಣ್ಣನೆಯ ಕಾಳಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಹೊರಗಿನ ಬಿಸಿಗೆ ಹೊಂದಿಕೊಳ್ಳುವವರೆಗೆ ಮುಚ್ಚಿಯೇ ಇಟ್ಟು, ಆಮೇಲೆ ತೂಕಕ್ಕೆ ಹಾಕುತ್ತೇವೆ.