ಲೆನ್ಸ್ ಹೋಲಿಸುವಾಗ ಪೇಪರ್ ಓರೆಯಾಗಿರಲಿ

4x5 ಕ್ಯಾಮೆರಾದಲ್ಲಿ (4x5 ಇಂಚಿನ ಬಿಡಿ ಫಿಲ್ಮ್ ಹಾಳೆ ಹಾಕುವ ದೊಡ್ಡ ಕ್ಯಾಮೆರಾ) ಎರಡು ಲೆನ್ಸ್‌ಗಳ ಶಾರ್ಪ್‌ನೆಸ್ ಹೋಲಿಸಬೇಕಾದರೆ ಗೋಡೆಗೆ ಅಂಟಿಸುವ ಚಾರ್ಟ್ ಬಿಡಿ. ನ್ಯೂಸ್‌ಪೇಪರ್ ಹಾಳೆಯನ್ನು ರಟ್ಟಿಗೆ ಅಂಟಿಸಿ, ಲೆನ್ಸ್‌ಗೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ. ಮಧ್ಯದ ಒಂದು ಸಾಲಿಗೆ ದಪ್ಪ ಗುರುತು ಹಾಕಿ ಅದಕ್ಕೇ ಫೋಕಸ್ ಮಾಡಿ. ನೆಗೆಟಿವ್ ಮೇಲೆ ಲೂಪ್ (ಸಣ್ಣ ಭೂತಗನ್ನಡಿ) ಇಟ್ಟು ನೋಡುವಾಗ ಮಾತ್ರ ಗುರುತಿನ ಸಾಲನ್ನಲ್ಲ, ಎಲ್ಲಕ್ಕಿಂತ ಶಾರ್ಪ್ ಆಗಿ ಬಂದ ಸಾಲನ್ನು ಹೋಲಿಸಿ. ಯಾಕಂದ್ರೆ ಫೋಕಸ್ ನೋಡುವ ಮಸುಕು ಗಾಜು, ಅಂದರೆ ಗ್ರೌಂಡ್ ಗ್ಲಾಸ್, ಇರುವ ಜಾಗದಲ್ಲೇ ಫಿಲ್ಮ್ ಕೂರುತ್ತದೆ ಅನ್ನೋ ಖಾತ್ರಿ ಇಲ್ಲ. ಫಿಲ್ಮ್ ಹಾಕುವ ಹೋಲ್ಡರ್‌ನ ಆಳಕ್ಕೆ ಸ್ಟ್ಯಾಂಡರ್ಡ್ ಕೊಡುವ ಸಡಿಲವೇ ಸುಮಾರು 0.18 ಮಿ.ಮೀ. ಹತ್ತರಲ್ಲೊಂದು ಗಾತ್ರಕ್ಕೆ ತೆಗೆದರೆ ಅದು ಪೇಪರ್ ಹತ್ತಿರ ನೂರು ಪಟ್ಟು (10x10), ಅಂದರೆ 18 ಮಿ.ಮೀ. ಹಿಂದೆ ಮುಂದೆ ಆಗುತ್ತದೆ. ಎಫ್/5.6ರಷ್ಟು ಅಗಲ ತೆರೆದ ಅಪರ್ಚರ್‌ನಲ್ಲಿ ಸಣ್ಣ ಅಕ್ಷರ ಮಸುಕಾಗಲು ಅಷ್ಟು ಸಾಕು, ಸುಮ್ನೆ ಒಳ್ಳೆಯ ಲೆನ್ಸ್‌ಗೆ ಕೆಟ್ಟ ಹೆಸರು. ಓರೆ ಪೇಪರ್‌ನಲ್ಲಿ ಫೋಕಸ್ ಜಾರಿದರೂ ಯಾವುದಾದರೂ ಒಂದು ಸಾಲು ಸರಿಯಾಗಿ ಸಿಕ್ಕೇ ಸಿಗುತ್ತದೆ. ಎರಡೂ ಲೆನ್ಸ್‌ಗಳಲ್ಲಿ ಸಾಲು ಒಂದೇ ಕಡೆಗೆ, ಒಂದೇ ಅಷ್ಟು ಸರಿದಿದ್ದರೆ ಹೋಲ್ಡರ್ ಅಥವಾ ಗ್ರೌಂಡ್ ಗ್ಲಾಸ್ ಪರೀಕ್ಷಿಸಿ. ಎರಡು ಲೆನ್ಸ್‌ಗೂ ಅದೇ ಹೋಲ್ಡರ್‌ನ ಅದೇ ಬದಿ ಬಳಸಿ, ಇದನ್ನು ಮರೆಯಬೇಡಿ. 150 ಮತ್ತು 210 ಮಿ.ಮೀ. ಲೆನ್ಸ್ ಹೋಲಿಸುವುದಾದರೆ ದೂರ ಬದಲಿಸಿ, ಅಕ್ಷರದ ಗಾತ್ರ ಗ್ಲಾಸ್ ಮೇಲೆ ಒಂದೇ ಇರುವಂತೆ ಮಾಡಿಕೊಳ್ಳಿ. ಮೂಲೆಗಳ ಶಾರ್ಪ್‌ನೆಸ್‌ಗೆ ಈ ಉಪಾಯ ನಡೆಯುವುದಿಲ್ಲ, ಅದಕ್ಕೆ ಫಿಲ್ಮ್‌ಗೆ ಸಮಾನಾಂತರವಾದ ಚಪ್ಪಟೆ ಗುರಿಯೇ ಬೇಕು. ಎಫ್/45ರಲ್ಲಂತೂ ಹೋಲಿಸಿ ಪ್ರಯೋಜನ ಕಡಿಮೆ. ಅಲ್ಲಿ ಡಿಫ್ರಾಕ್ಷನ್ (ಸಣ್ಣ ತೂತಿನಲ್ಲಿ ಹಾಯುವಾಗ ಬೆಳಕು ಹರಡುವುದು) ಯಾವ ಲೆನ್ಸನ್ನೂ ಮಿಲಿಮೀಟರಿಗೆ ಸುಮಾರು 33 ಗೆರೆ ಜೋಡಿಗಿಂತ ಮೇಲೆ ಹೋಗಲು ಬಿಡುವುದಿಲ್ಲ, ಎಫ್/22ರಲ್ಲಿ ಅದರ ಎರಡರಷ್ಟು ಸಿಗುತ್ತದೆ. ನೀವು ನಿಜವಾಗಿ ಜಾಸ್ತಿ ಬಳಸುವ ಅಪರ್ಚರ್‌ನಲ್ಲೇ ತೆಗೆದು ನೋಡಿ.