258 ಸೆಂಟಿಮೀಟರ್ ದಾರದಲ್ಲಿ ಅಮೆರಿಕದ ಚರಿತ್ರೆ

ಅಮೆರಿಕದ ಆರಂಭದ ಚರಿತ್ರೆಯನ್ನು ಹೈಸ್ಕೂಲಿನ ಮಕ್ಕಳಿಗೆ ನಾನು ದಾರ ಕಟ್ಟಿಯೇ ಹೇಳಿಕೊಡುವುದು. 1607ರಲ್ಲಿ ಇಂಗ್ಲಿಷರ ಜೇಮ್ಸ್‌ಟೌನ್ ವಸಾಹತು ಹುಟ್ಟಿತು, 1865ರಲ್ಲಿ ಉತ್ತರ-ದಕ್ಷಿಣ ರಾಜ್ಯಗಳ ಅಂತರ್ಯುದ್ಧ ಮುಗಿಯಿತು. ವರ್ಷಕ್ಕೊಂದು ಸೆಂಟಿಮೀಟರಿನಂತೆ 258 ಸೆಂ.ಮೀ. ಬಿಳಿ ಹುರಿ, ಗಂಟಿಗೆಂದು ಎರಡೂ ತುದಿಗೆ ಒಂದೊಂದು ಗೇಣು ಹೆಚ್ಚು. ನೈಲಾನ್ ಬೇಡ, ಎಳೆದರೆ ಹಿಗ್ಗಿ ಲೆಕ್ಕ ತಪ್ಪುತ್ತದೆ. ಚೀಟಿ ಸಿಕ್ಕಿಸಲು ಬಟ್ಟೆ ಒಣಹಾಕುವ ಕ್ಲಿಪ್ ಸಾಕು.

1776ರ ಸ್ವಾತಂತ್ರ್ಯ ಘೋಷಣೆ 169ನೇ ಸೆಂ.ಮೀ.ಗೆ ಬರುತ್ತದೆ. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ವಸಾಹತು ಕಾಲವೇ ಎಂದು ಆಗ ಹೇಳಬೇಕಾಗಿಯೇ ಇಲ್ಲ. 174ರಲ್ಲಿ, ಅಂದರೆ 1781ಕ್ಕೆ, ಬ್ರಿಟಿಷರು ಸೋತ ಯಾರ್ಕ್‌ಟೌನ್ ಕದನ. ಅಲ್ಲಿ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನೇ 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಟಿಪ್ಪುವಿನ ಅರ್ಧ ರಾಜ್ಯ ಕಿತ್ತುಕೊಂಡವನು. ನಮ್ಮ ಮಕ್ಕಳಿಗೆ ಇದನ್ನು ಹೇಳದೆ ಮುಂದೆ ಹೋಗಬಾರದು.

ಇನ್ನು ಕೆಂಪು ದಾರ, ಗುಲಾಮಗಿರಿಯ ಗುರುತು. ಅದನ್ನು 12ನೇ ಸೆಂ.ಮೀ.ನಲ್ಲಿ, ಅಂದರೆ 1619ಕ್ಕೆ ಕಟ್ಟಬೇಕು. ಸುಮಾರು 20 ಆಫ್ರಿಕನ್ನರನ್ನು ವರ್ಜೀನಿಯಕ್ಕೆ ತಂದು ಆಹಾರ ಸಾಮಗ್ರಿಗೆ ಬದಲಾಗಿ ಕೊಟ್ಟ ವರ್ಷ ಅದು.

ಪಾಠ ಕೆಡುವುದು ಬ್ರಿಟನ್ ಜೊತೆಗಿನ 1783ರ ಶಾಂತಿ ಒಪ್ಪಂದದಿಂದ ನೇರವಾಗಿ ಅಂತರ್ಯುದ್ಧ ಶುರುವಾದ 1861ಕ್ಕೆ ಹಾರಿದಾಗ. ಯುದ್ಧ ಆಕಾಶದಿಂದ ಉದುರಿದಂತಾಗುತ್ತದೆ. ನಡುವಿನ 78 ಸೆಂ.ಮೀ.ಗೇ ಹೆಚ್ಚು ಪೀರಿಯಡ್ ಕೊಡಿ. 1787ರ ಸಂವಿಧಾನಕ್ಕೆ ಐದು ಹುಣಸೆ ಬೀಜ ಇಟ್ಟು ಎರಡನ್ನು ತೆಗೆಯುತ್ತೇನೆ: ಕೆಳಮನೆಯ ಸೀಟು ಹಂಚುವಾಗ ಐವರು ಗುಲಾಮರು ಮೂವರಿಗೆ ಸಮ. ಅವರಿಗೆ ಮತವಿಲ್ಲ, ಆದರೆ ಅವರ ತಲೆ ಎಣಿಸಿ ಯಜಮಾನರ ರಾಜ್ಯಕ್ಕೆ ಸೀಟು ಹೆಚ್ಚು.

1793, ಹತ್ತಿ ಬಿಡಿಸುವ ಜಿನ್ ಯಂತ್ರ. ಯಂತ್ರ ಬಂದರೆ ಕೂಲಿ ತಗ್ಗಬೇಕಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಬೀಜ ತೆಗೆಯದ ಹತ್ತಿಯನ್ನು ಕೈಗೆ ಕೊಟ್ಟು ಬಿಡಿಸಲು ಹೇಳಿ. ಎಳೆ ಬೀಜಕ್ಕೆ ಅಂಟಿಕೊಂಡು ಬೆರಳು ಸೋಲುತ್ತದೆ. ಯಂತ್ರ ಸುಲಭ ಮಾಡಿದ್ದು ಇದೊಂದನ್ನೇ. ಬಿತ್ತನೆ, ಕಳೆ, ಕೊಯ್ಲು ಎಲ್ಲ ಕೈಯಲ್ಲೇ. ಲಾಭ ಏರಿದಂತೆ ಹೊಲ ಹಬ್ಬಿತು. 1790ರ ಗಣತಿಯಲ್ಲಿ ಸುಮಾರು 7 ಲಕ್ಷವಿದ್ದ ಗುಲಾಮರು 1860ಕ್ಕೆ 39 ಲಕ್ಷ ದಾಟಿದರು. ಇಲ್ಲಿಂದ ಕೆಂಪು ದಾರವನ್ನು ಐದು ಎಳೆ ಮಾಡಿ.

ಇದರ ಉತ್ತರಕ್ಕೆ ಗುಲಾಮಗಿರಿ ಕೂಡದೆಂದು ಪಶ್ಚಿಮದ ಹೊಸ ಪ್ರಾಂತಗಳಲ್ಲಿ 1820ರಲ್ಲಿ ಎಳೆದ ಗಡಿಗೆರೆಯನ್ನು 1854ರ ಕಾನ್ಸಸ್-ನೆಬ್ರಾಸ್ಕ ಕಾಯ್ದೆ ಅಳಿಸಿತು. ಈ ಎರಡು ಚೀಟಿ ಸಾಕು. ಆರು ಲಕ್ಷಕ್ಕೂ ಹೆಚ್ಚು ಸೈನಿಕರನ್ನು ನುಂಗಿದ ಯುದ್ಧಕ್ಕೆ ಹುರಿಯಲ್ಲಿ ಸಿಗುವುದು ನಾಲ್ಕೇ ಸೆಂ.ಮೀ.

1863ರ ಜನವರಿ 1ಕ್ಕೆ ಕೆಂಪು ದಾರ ಕತ್ತರಿಸಬೇಡಿ. ಗುಲಾಮರು ಸ್ವತಂತ್ರರೆಂದು ಅಂದು ಅಧ್ಯಕ್ಷ ಲಿಂಕನ್ ಹೊರಡಿಸಿದ ಘೋಷಣೆ ದಂಗೆಯೆದ್ದ ಪ್ರದೇಶಗಳಿಗೆ ಮಾತ್ರ. ಒಕ್ಕೂಟದಲ್ಲೇ ಉಳಿದ ಕೆಂಟಕಿ, ಡೆಲವೇರ್‌ಗಳಲ್ಲಿ ಗುಲಾಮಗಿರಿ ಮುಂದುವರಿದಿತ್ತು. 1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಜನರಲ್ ಲೀ ಶರಣಾದಾಗಲೂ ಕತ್ತರಿ ಕೆಳಗಿರಲಿ. ಅದೇ ಡಿಸೆಂಬರ್‌ನಲ್ಲಿ ಗುಲಾಮಗಿರಿ ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡಿ ಜಾರಿಗೆ ಬಂದ ಚೀಟಿ ಸಿಕ್ಕಿಸಿ, ಆಮೇಲೆ ಒಂದು ಮಗುವಿನ ಕೈಗೆ ಕತ್ತರಿ ಕೊಡಿ.